ಹೆಡ್ ಆಫೀಸಿನ ಇಂಗ್ಲಿಷನ್ನು ನೋಟೀಸ್ ಬೋರ್ಡಿನ ಕನ್ನಡಕ್ಕೆ ಇಳಿಸುವುದು ಹೇಗೆ

ಪೀಣ್ಯ ಎರಡನೇ ಹಂತದ ಒಂದು ಮೆಷಿನಿಂಗ್ ಕಾರ್ಖಾನೆಯಲ್ಲಿ ನನ್ನದು ಹತ್ತೊಂಬತ್ತು ವರ್ಷದ ಕೆಲಸ. ಮೊದಲ ಆರು ವರ್ಷ ಕ್ವಾಲಿಟಿಯಲ್ಲಿ ವರ್ನಿಯರ್, ಮೈಕ್ರೋಮೀಟರ್ ಹಿಡಿದು ನಿಂತಿದ್ದೆ. ಕನ್ನಡ ನೆಟ್ಟಗೆ ಬರೆಯುತ್ತಾಳೆ ಅಂತ ಆಮೇಲೆ ಪರ್ಸನಲ್ ಡಿಪಾರ್ಟ್‌ಮೆಂಟಿಗೆ ಹಾಕಿದರು. ಅವತ್ತಿನಿಂದ ಅದೇ ಕೋಣೆ, ಅದೇ ಕುರ್ಚಿ. ಬಾಗಿಲ ಮೇಲಿನ ಬೋರ್ಡು ಮಾತ್ರ ಬದಲಾಗುತ್ತಾ ಬಂತು. ಪರ್ಸನಲ್ ಹೋಗಿ ಎಚ್‌ಆರ್ ಆಯಿತು, ಎಚ್‌ಆರ್ ಹೋಗಿ ಈಗ ‘ಪೀಪಲ್ ಅಂಡ್ ಕಲ್ಚರ್’ ಆಗಿದೆ. ಶಾಪ್ ಫ್ಲೋರಿನವರು ಅಂದೂ ಇಂದೂ ಕರೆಯುವುದು ಟೈಮ್ ಆಫೀಸ್ ಅಂತಲೇ. ರಜೆ ಚೀಟಿ, ಓಟಿ ಲೆಕ್ಕ, ಇಎಸ್‌ಐ ಕಾರ್ಡು ಸಿಗುವ ಜಾಗ ಅದು. ಅವರ ಹೆಸರಿನಲ್ಲಿ ಕೆಲಸ ಕಾಣುತ್ತದೆ, ಬೋರ್ಡಿನ ಹೆಸರಿನಲ್ಲಿ ಕಾಣುವುದಿಲ್ಲ.

ಹೆಡ್ ಆಫೀಸಿನಿಂದ ಬರುವ ಇಂಗ್ಲಿಷ್ ಮೇಲ್ ಓದಿ, ಕೆಲಸಗಾರರಿಗೆ ಬೇಕಾದದ್ದನ್ನು ಕನ್ನಡದಲ್ಲಿ ಬರೆದು, ಕ್ಯಾಂಟೀನ್ ಪಕ್ಕದ ಬೋರ್ಡಿಗೆ ಹಾಕುವುದು ನನ್ನ ಪಾಲಿನ ಕೆಲಸಗಳಲ್ಲೊಂದು. ಅಕ್ಕಪಕ್ಕದ ಕಾರ್ಖಾನೆಗಳಲ್ಲಿ ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ ಕೇಳುತ್ತಾರೆ: “ಅಕ್ಕಾ, ರೈಟ್‌ಸೈಜಿಂಗ್‌ಗೆ ಕನ್ನಡದಲ್ಲಿ ಏನಂತಾರೆ?” ಪದಕ್ಕೆ ಪದ ಹುಡುಕಲು ಹೊರಟದ್ದೇ ತಪ್ಪು. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೆ. ಅದರಿಂದ ಒಬ್ಬನಿಗೆ ಏನಾಯಿತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷದ ಹಿಂದೆ, ಮಾರ್ಚ್ ಕೊನೆಯಲ್ಲಿ, ಒಂದೂವರೆ ಪುಟದ ಮೇಲ್ ಬಂತು. ಮಾರುಕಟ್ಟೆಯಲ್ಲಿ ‘ಹೆಡ್‌ವಿಂಡ್ಸ್’ ಇವೆಯಂತೆ, ಅದಕ್ಕೆ ‘ಶಿಫ್ಟ್ ಕೆಪ್ಯಾಸಿಟಿ ಆಪ್ಟಿಮೈಸೇಶನ್’ ಮತ್ತು ‘ಫ್ಲೆಕ್ಸಿ ರಿಸೋರ್ಸ್ ರೈಟ್‌ಸೈಜಿಂಗ್’ ಆಗುತ್ತದಂತೆ. ನಾನು ನಿಘಂಟು ಮುಂದಿಟ್ಟುಕೊಂಡು ಬರೆದೆ: “ಪ್ರಸಕ್ತ ಪ್ರತಿಕೂಲ ಪರಿಸ್ಥಿತಿಯ ಹಿನ್ನೆಲೆಯಲ್ಲಿ ಪಾಳಿ ಸಾಮರ್ಥ್ಯದ ಸಮರ್ಪಕ ಬಳಕೆ ಹಾಗೂ ಸಂಪನ್ಮೂಲಗಳ ಮರುಹೊಂದಾಣಿಕೆಯನ್ನು ಕೈಗೊಳ್ಳಲಾಗುವುದು.” ಮ್ಯಾನೇಜರ್ ಓದಿ, ಬಹಳ ಚೆನ್ನಾಗಿದೆ ಅಂದರು. ಬೋರ್ಡಿಗೆ ಹಾಕಿದೆ. ಯಾರೂ ಏನೂ ಕೇಳಲಿಲ್ಲ. ಎಲ್ಲರಿಗೂ ಅರ್ಥವಾಗಿದೆ ಅಂದುಕೊಂಡೆ.

ವಿಷಯ ಇಷ್ಟೇ ಇತ್ತು: ಏಪ್ರಿಲ್ 15ರಿಂದ ಮೂರನೇ ಶಿಫ್ಟ್ ನಿಲ್ಲುತ್ತದೆ, ಆ ಶಿಫ್ಟಿನ ಕಾಂಟ್ರ್ಯಾಕ್ಟ್ ಹುಡುಗರಿಗೆ ಕೆಲಸ ಇರುವುದಿಲ್ಲ. ಅರಸೀಕೆರೆ ಕಡೆಯ ಒಬ್ಬ ಸಿಎನ್‌ಸಿ ಆಪರೇಟರ್, ಆ ನೋಟೀಸು ಬೋರ್ಡಿನ ಮೇಲೆ ಇದ್ದಾಗಲೇ, ಲಗ್ಗೆರೆಯಲ್ಲಿ ಮನೆ ನೋಡಿ ಅರವತ್ತು ಸಾವಿರ ಅಡ್ವಾನ್ಸ್ ಕೊಟ್ಟು, ಊರಿಂದ ಹೆಂಡತಿ ಮಗುವನ್ನು ಕರೆಸಿಕೊಂಡಿದ್ದ. ಮಗುವಿನ ಟೀಸಿ ಕೂಡ ತೆಗೆಸಿದ್ದ. ಗುತ್ತಿಗೆದಾರನೂ ಅವನಿಗೆ ಏನೂ ಹೇಳಿರಲಿಲ್ಲ. 15ರ ರಾತ್ರಿ ಹತ್ತೂವರೆಗೆ ಡ್ಯೂಟಿಗೆ ಬಂದವನನ್ನು ಸೆಕ್ಯುರಿಟಿಯವರು ಗೇಟಿನಲ್ಲೇ ನಿಲ್ಲಿಸಿದರು. ಮಾರನೇ ಬೆಳಗ್ಗೆ ನಾನು ಬರುವ ಹೊತ್ತಿಗೆ ಟೈಮ್ ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಕೂಗಾಡಲಿಲ್ಲ. “ನೋಟೀಸು ನಾನೂ ಓದಿದ್ದೆ ಅಕ್ಕ. ಎರಡು ಸಲ ಓದಿದ್ದೆ. ಇದು ಎಲ್ಲಿ ಬರ್ದಿತ್ತು?” ಅಂದ.

ಬರೆದಿತ್ತು. ನಾನೇ ಬರೆದಿದ್ದೆ. ಯಾವ ಸಾಲು ಅಂತ ತೋರಿಸಲು ನನಗೆ ಕೈ ಬರಲಿಲ್ಲ.

ಅವತ್ತಿನಿಂದ ಈ ಕೆಲಸವನ್ನು ನಾನು ಬೇರೆ ಥರ ಮಾಡುತ್ತೇನೆ. ನೀವು ಕಾರ್ಖಾನೆಯಲ್ಲೇ ಇರಬೇಕಿಲ್ಲ. ಬ್ಯಾಂಕು, ಆಸ್ಪತ್ರೆ, ಸೊಸೈಟಿ, ಐಟಿ ಕಂಪನಿ, ಎಲ್ಲಿ ಇಂಥ ಇಂಗ್ಲಿಷ್ ಮೇಲಿನಿಂದ ಕೆಳಕ್ಕೆ ಇಳಿಯುತ್ತದೋ ಅಲ್ಲೆಲ್ಲ ಈ ರೀತಿ ನಡೆಯುತ್ತದೆ.

ಮೊದಲು ಪೆನ್ಸಿಲ್

ಮೇಲನ್ನು ಪ್ರಿಂಟ್ ತೆಗೆದುಕೊಳ್ಳಿ. ಸ್ಕ್ರೀನಿನ ಮೇಲೆ ಓದಿದರೆ ಇಂಥ ವಾಕ್ಯಗಳ ಮೇಲೆ ಕಣ್ಣು ಜಾರಿಕೊಂಡು ಹೋಗುತ್ತದೆ. ಪೆನ್ಸಿಲ್ ಹಿಡಿದು ತಾರೀಕು, ಸಂಖ್ಯೆ, ದುಡ್ಡು, ಜನರ ಹೆಸರು ಅಥವಾ ಹುದ್ದೆ, ಇವು ಕಂಡಲ್ಲೆಲ್ಲ ಸುತ್ತು ಹಾಕಿ. ಬೇರೆ ಯಾವುದಕ್ಕೂ ಬೇಡ. ಒಂದು ಪುಟದಲ್ಲಿ ನಾಲ್ಕು ಸುತ್ತು ಬಿದ್ದರೆ ಅದು ಓದಬೇಕಾದ ಕಾಗದ. ಒಂದೂ ಬೀಳದಿದ್ದರೆ ಎರಡರಲ್ಲಿ ಒಂದು: ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ, ಇಲ್ಲವೇ ಹೇಳಬೇಕಾದದ್ದನ್ನು ಬರೆದವರು ಹೇಳಿಲ್ಲ. ಎರಡನೆಯದಕ್ಕೆ ಹೆದರಿ.

ಅಟ್ಯಾಚ್‌ಮೆಂಟನ್ನು ಮೊದಲು ತೆಗೆಯಿರಿ. ಆ ಮಾರ್ಚಿನ ಮೇಲ್‌ನಲ್ಲಿ ಒಂದೂ ತಾರೀಕು ಇರಲಿಲ್ಲ. ಅದರ ಜೊತೆಗಿದ್ದ ಎಕ್ಸೆಲ್ ಶೀಟಿನ ಮೂರನೇ ಕಾಲಮ್ಮಿನಲ್ಲಿ ‘15 ಏಪ್ರಿಲ್’ ಅಂತ ಇತ್ತು, ಅದರ ಎದುರಿಗೆ ಜನರ ಸಂಖ್ಯೆಯೂ ಇತ್ತು. ನಾನು ಮೇಲ್ ಅನುವಾದ ಮಾಡಿದೆ, ಶೀಟು ತೆರೆಯಲಿಲ್ಲ.

ಕ್ರಿಯಾಪದದ ಬಾಲ ಹಿಡಿಯಿರಿ

ಕನ್ನಡದ ಕ್ರಿಯಾಪದಕ್ಕೆ ಒಂದು ಬಾಲವಿದೆ. ಮಾಡ್ತೀನಿ, ಮಾಡ್ತೀರ, ಮಾಡ್ತಾರೆ. ಯಾರು ಅಂತ ಬೇರೆ ಹೇಳದಿದ್ದರೂ ಆ ಬಾಲವೇ ಹೇಳಿಬಿಡುತ್ತದೆ. ನಮ್ಮ ಭಾಷೆಯಲ್ಲಿ ಮನೆಮಾತಿನ ಒಂದು ವಾಕ್ಯ ಮುಗಿಸಬೇಕಾದರೆ ಯಾರು ಅನ್ನುವುದನ್ನು ತೀರ್ಮಾನ ಮಾಡಲೇಬೇಕು. ಆಫೀಸಿನ ಇಂಗ್ಲಿಷ್ ಇಲ್ಲೇ ಜಾರಿಕೊಳ್ಳುತ್ತದೆ. ಆಪ್ಟಿಮೈಸೇಶನ್, ರೀಅಲೈನ್‌ಮೆಂಟ್, ಸ್ಟ್ರೀಮ್‌ಲೈನಿಂಗ್: ಇವು ಕೆಲಸಗಳ ಹೆಸರು. ಮಾಡುವವರೂ ಇಲ್ಲ, ಮಾಡಿಸಿಕೊಳ್ಳುವವರೂ ಇಲ್ಲ. ಮಳೆ ಬಂತು ಅನ್ನುವ ಹಾಗೆ ರೀಅಲೈನ್‌ಮೆಂಟ್ ಬರುತ್ತದೆ.

ಹಾಗಾಗಿ ‘ಷನ್’, ‘ಮೆಂಟ್’, ‘ಇಂಗ್’ ಅಂತ ಮುಗಿಯುವ ಪದ ಸಿಕ್ಕಿದ ಕೂಡಲೇ ನಿಲ್ಲಿ. ನಿಘಂಟು ಮುಟ್ಟಬೇಡಿ. ತುರುವೇಕೆರೆಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳುವುದಾದರೆ ಹೇಗೆ ಹೇಳುತ್ತೇನೆ ಅಂತ ನನ್ನನ್ನೇ ಕೇಳಿಕೊಳ್ಳುತ್ತೇನೆ. “ಆಪ್ಟಿಮೈಸೇಶನ್ ಆಗ್ತಿದೆ ಅಮ್ಮ” ಅಂದರೆ ಅಮ್ಮ ಕೇಳುವುದು ಒಂದೇ: “ಏನ್ ಮಾಡ್ತಾರಂತೆ?” ಅದಕ್ಕೆ ಉತ್ತರ ಹೇಳಿ. ಶಿಫ್ಟ್ ತೆಗೀತಾರೆ. ಯಾವ ಶಿಫ್ಟು? ಮೂರನೇದು. ಯಾರು ತೆಗೀತಾರೆ? ಹೆಡ್ ಆಫೀಸಿನವರು. ಯಾವತ್ತಿಂದ? ನಾಲ್ಕು ಪ್ರಶ್ನೆಗೆ ನೋಟೀಸು ಮುಗಿಯಿತು. ಯಾವುದಾದರೂ ಒಂದು ಪ್ರಶ್ನೆಗೆ ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ ನೋಟೀಸು ಬರೆಯುವ ಹೊತ್ತು ಇನ್ನೂ ಬಂದಿಲ್ಲ ಅಂತ ಅರ್ಥ.

ಇದರಲ್ಲಿ ಒಂದು ಅಪಾಯವಿದೆ, ನಾನು ಬಿದ್ದದ್ದು ಅದಕ್ಕೇ. ಕನ್ನಡದಲ್ಲೂ ಬಾಲ ಕತ್ತರಿಸುವ ಉಪಾಯವಿದೆ. ಕೈಗೊಳ್ಳಲಾಗುವುದು, ಪರಿಶೀಲಿಸಲಾಗುತ್ತಿದೆ, ಸೂಚಿಸಲಾಗಿದೆ. ಸರ್ಕಾರಿ ಸುತ್ತೋಲೆ ಓದಿ ಓದಿ ಇದೇ ಒಳ್ಳೆಯ ಕನ್ನಡ ಅಂತ ನಮಗೆಲ್ಲ ಅಭ್ಯಾಸವಾಗಿದೆ. ಇಂಗ್ಲಿಷಿನ ಮಂಜನ್ನು ತೆಗೆದು ಅದರ ಜಾಗಕ್ಕೆ ಸಂಸ್ಕೃತದ ಮಂಜು ತುಂಬಿದರೆ ಓದುವವನಿಗೆ ಏನೂ ದಕ್ಕುವುದಿಲ್ಲ; ಮೇಲಾಗಿ, ನಮ್ಮದೇ ಭಾಷೆ ತಾನೆ, ಅರ್ಥವಾಗದಿದ್ದರೆ ನನ್ನದೇ ದಡ್ಡತನ ಅಂತ ಅವನು ಸುಮ್ಮನಾಗುತ್ತಾನೆ. ಇಂಗ್ಲಿಷಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದ. ಈ ಕಾರಣಕ್ಕೆ ನನ್ನ ಬೋರ್ಡಿನ ಮೇಲೆ ‘ಲಾಗುವುದು’ ಬರಕೂಡದು ಅಂತ ನಿಯಮ ಮಾಡಿಕೊಂಡಿದ್ದೇನೆ. ‘ಸಮರ್ಪಕ’, ‘ಸಂಪನ್ಮೂಲ’, ‘ಅನುಷ್ಠಾನ’ ಕೂಡ ಇಲ್ಲ.

ಇಬ್ಬರನ್ನು ಎರಡು ಅನ್ನಬೇಡಿ

ಇದನ್ನು ನಾನು ಗಮನಿಸಿದ್ದು ಬಹಳ ತಡವಾಗಿ. ಪ್ರೊಡಕ್ಷನ್ ಮೀಟಿಂಗಿನಲ್ಲಿ ಒಬ್ಬ ಹೊಸ ಎಂಜಿನಿಯರ್, “ನಂಗೆ ಎರಡು ರಿಸೋರ್ಸ್ ಬೇಕು, ಆ ಲೈನಿಂದ ಮೂರು ರಿಸೋರ್ಸ್ ರಿಲೀಸ್ ಮಾಡಿ” ಅಂದ. ಒಳ್ಳೆಯ ಹುಡುಗ, ದಾವಣಗೆರೆಯವನು, ಮನೆಮಾತು ಕನ್ನಡ. ಅವನು ಮನೆಯಲ್ಲಿ “ಎರಡು ಅಕ್ಕಂದಿರು” ಅನ್ನುವುದಿಲ್ಲ, “ಇಬ್ಬರು ಅಕ್ಕಂದಿರು” ಅನ್ನುತ್ತಾನೆ. ಕನ್ನಡದಲ್ಲಿ ಜನಕ್ಕೆ ಬೇರೆ ಎಣಿಕೆ, ವಸ್ತುವಿಗೆ ಬೇರೆ ಎಣಿಕೆ. ಎರಡು ಲೇತು, ಇಬ್ಬರು ಟರ್ನರ್‌ಗಳು. ಮೂರು ಡಬ್ಬ ಗ್ರೀಸು, ಮೂವರು ಹೆಲ್ಪರ್‌ಗಳು. ‘ರಿಸೋರ್ಸ್’ ಅನ್ನುವ ಪದ ಬಾಯಿಗೆ ಬಂದ ಕೂಡಲೇ ಆ ಗೆರೆ ಅಳಿಸಿಹೋಗಿ, ಮನುಷ್ಯರು ಗ್ರೀಸ್ ಡಬ್ಬದ ಸಾಲಿಗೆ ಸೇರಿದರು. ಅವನಿಗೆ ಅದು ಗೊತ್ತೇ ಆಗಿರಲಿಲ್ಲ.

ಮೇಲ್‌ನಲ್ಲಿ ರಿಸೋರ್ಸ್, ಹೆಡ್‌ಕೌಂಟ್, ಎಫ್‌ಟಿಇ, ಮ್ಯಾನ್‌ಪವರ್ ಏನೇ ಇರಲಿ, ಎಣಿಕೆಯನ್ನು ಇಬ್ಬರು, ಮೂವರು, ನಾಲ್ವರು ಅಂತ ಬರೆಯಿರಿ. ಐವರ ಮೇಲಾದರೆ ಎಂಟು ಜನ, ಹದಿನಾಲ್ಕು ಜನ. “ಮೂರು ರಿಸೋರ್ಸ್ ರಿಲೀಸ್” ಅನ್ನುವುದು “ಮೂವರನ್ನು ಕೆಲಸದಿಂದ ತೆಗೆಯುತ್ತಾರೆ” ಅಂತಾದ ಮೇಲೆ, ಅದನ್ನು ಬರೆಯುವ ನಿಮ್ಮ ಕೈಯೇ ಒಂದು ಗಳಿಗೆ ತಡೆದು, ಯಾವ ಮೂವರು, ಎಷ್ಟು ದಿನದ ನೋಟೀಸು ಕೊಟ್ಟಿದ್ದಾರೆ ಅಂತ ಕೇಳುತ್ತದೆ. ಆ ಹುಡುಗನಿಗೂ ಇದನ್ನು ಹೇಳಿದೆ. ಮುಂದಿನ ಮೀಟಿಂಗಿನಲ್ಲಿ “ಇಬ್ಬರು ಬೇಕು” ಅಂದ.

ಯಾವ ಪದ ಬಿಡಬೇಕು, ಯಾವುದನ್ನು ಮುಟ್ಟಬಾರದು

ನನ್ನ ಸಿಟ್ಟು ಇಂಗ್ಲಿಷಿನ ಮೇಲಲ್ಲ, ಹೊಸ ಪದಗಳ ಮೇಲೂ ಅಲ್ಲ. ಕೆಲಸದ ಪದಗಳನ್ನು ಹಾಗೇ ಇಡಿ. ಆಫ್‌ಸೆಟ್, ಟಾಲರೆನ್ಸ್, ಬರ್, ಇನ್ಸರ್ಟ್, ಕೂಲೆಂಟ್, ರೀವರ್ಕ್: ಇವುಗಳ ಹಿಂದೆ ಕೈಗೆ ಸಿಗುವ ವಸ್ತುವಿದೆ, ಅಳೆಯುವ ಅಳತೆಯಿದೆ. ಹೊರಗಿನವರು ಮಾಡಿಕೊಟ್ಟ ಒಂದು ತರಬೇತಿ ಪುಸ್ತಿಕೆಯಲ್ಲಿ ಟಾಲರೆನ್ಸ್‌ಗೆ, ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆಯಾದರೂ ನಡೆಯುತ್ತದೆ ಅನ್ನುವ ಮಿತಿಗೆ, ‘ಸಹಿಷ್ಣುತೆ’ ಅಂತ ಬರೆದಿದ್ದರು. 25 ಮಿಲಿಮೀಟರ್ ಶಾಫ್ಟಿಗೆ 20 ಮೈಕ್ರಾನ್ ಸಹಿಷ್ಣುತೆ! ಅದನ್ನು ಓದಿದ ಆಪರೇಟರ್‌ಗಳಲ್ಲಿ ಒಬ್ಬರಿಗೂ ತಾವು ದಿನಾ ಹೇಳುವ ಪದವೇ ಅದು ಅಂತ ತಿಳಿಯಲಿಲ್ಲ. ಇಡೀ ಕಟ್ಟನ್ನು ವಾಪಸ್ ಕಳಿಸಿದೆವು.

ಹೊರಗಿನ ಪದ ಬಂದು ನಮ್ಮದಾಗುವುದು ಇವತ್ತಿನ ಮಾತಲ್ಲ. ಗುಮಾಸ್ತ, ದಫ್ತರ, ರಸೀದಿ, ಜಮೀನು ಎಲ್ಲ ಪಾರಸಿ ದಾರಿಯಲ್ಲಿ ಬಂದವು. ಇವತ್ತು ‘ರಸೀದಿ’ ಅಂದರೆ ಕೈಯಲ್ಲಿ ಒಂದು ಚೀಟಿ ಕಾಣುತ್ತದೆ. ‘ಶಿಫ್ಟು’, ‘ಓಟಿ’ ಕೂಡ ಹಾಗೆಯೇ ನೆಲೆಯೂರಿವೆ. ನಾನು ‘ಪಾಳಿ’ ಅಂತ ಬರೆದರೆ ನಮ್ಮ ಹುಡುಗರು ಶಿಫ್ಟು ಅಂತಲೇ ಓದುತ್ತಾರೆ. ಹಾಗಾಗಿ ಶಿಫ್ಟು ಅಂತಲೇ ಬರೆಯುತ್ತೇನೆ.

ಜಪಾನಿನ ಪದಗಳಿಗೂ ಇದೇ ಮಾತು. ಪೋಕಾ-ಯೋಕೆ ನಮ್ಮ ಶಾಪಿನಲ್ಲಿ ಎಲ್ಲರಿಗೂ ಗೊತ್ತು: ಜಾಬನ್ನು, ಅಂದರೆ ಮೆಷಿನ್ನಿಗೆ ಕೊಡುವ ತುಂಡನ್ನು, ತಿರುಗಾಮುರುಗಾ ಕೂರಿಸಲು ಆಗದ ಹಾಗೆ ಅದನ್ನು ಹಿಡಿದಿಡುವ ಫಿಕ್ಸ್‌ಚರಿಗೆ ಒಂದು ಪಿನ್ನು ಹಾಕುವುದು. ಅದಕ್ಕೆ ಮೊದಲು ಜಪಾನಿನಲ್ಲಿ ‘ಬಾಕಾ-ಯೋಕೆ’, ಅಂದರೆ ದಡ್ಡರು ತಪ್ಪು ಮಾಡದ ಹಾಗೆ ತಡೆಯುವುದು, ಅನ್ನುತ್ತಿದ್ದರು. ಅದನ್ನು ಕೇಳಿ ಒಬ್ಬ ಕೆಲಸಗಾರಳಿಗೆ ನೋವಾದದ್ದನ್ನು ಕಂಡು ಅಲ್ಲಿನ ಎಂಜಿನಿಯರ್ ಶಿಗೆಯೋ ಶಿಂಗೋ 1960ರ ದಶಕದಲ್ಲಿ ಹೆಸರು ಬದಲಿಸಿದರು. ಪೋಕಾ ಅಂದರೆ ಕೈತಪ್ಪು. ಆಫೀಸಿನವರು ಪದ ಬದಲಾಯಿಸುವುದಾದರೆ ಹೀಗೆ ಬದಲಾಯಿಸಬೇಕು. ವಸ್ತು ಅದೇ ಉಳಿಯಿತು, ಅವಮಾನ ಹೋಯಿತು.

‘ಡೆಡ್‌ಲೈನ್’ ಪದದ ಕಥೆ ಇದಕ್ಕಿಂತ ಕರಾಳ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಮನೆಯ ಗೋಡೆಯ ಒಳಗೆ ಒಂದು ಗಡಿ ಹಾಕಿದ್ದರು. ಅದನ್ನು ದಾಟಿದ ಕೈದಿಗೆ ಗುಂಡು. ಆ ಗಡಿಯ ಹೆಸರು ಡೆಡ್‌ಲೈನ್. ಮುಂದೆ ಅದು ಪತ್ರಿಕಾ ಕಚೇರಿಗಳ ದಾರಿಯಲ್ಲಿ ಕೊನೆಯ ಗಡುವು ಆಯಿತು. ಅರ್ಥ ಎಷ್ಟು ದೂರ ಬಂದಿದೆ ನೋಡಿ, ಆದರೂ ಅದರ ಬಗ್ಗೆ ನನಗೆ ದೂರಿಲ್ಲ. ಡೆಡ್‌ಲೈನ್ ಅಂದರೆ ಇವತ್ತೂ ಒಂದು ತಾರೀಕು ಬರುತ್ತದೆ, ನನ್ನ ಪೆನ್ಸಿಲ್ಲಿಗೆ ಸುತ್ತು ಹಾಕಲು ಜಾಗವಿದೆ. ‘ಪ್ರಿಪೋನ್’, ಅಂದರೆ ಗೊತ್ತಾದ ದಿನಕ್ಕಿಂತ ಮೊದಲೇ ಇಟ್ಟುಕೊಳ್ಳುವುದು, ಕೂಡ ನನಗೆ ಇಷ್ಟ. ನಮ್ಮ ದೇಶದವರು ಬಳಸಿ ಬೆಳೆಸಿದ ಪದ, ಕೇಳಿದ ಕೂಡಲೇ ಹಿಂದಕ್ಕೋ ಮುಂದಕ್ಕೋ ಗೊತ್ತಾಗುತ್ತದೆ.

ಬಿಡಬೇಕಾದವು ಬೇರೆ. ‘ಲೆವರೇಜ್’ ಅನ್ನು ತೆಗೆದುಕೊಳ್ಳಿ. ಮೂಲದಲ್ಲಿ ಅದು ಸನ್ನೆಗೋಲಿನ ಬಲ. ಹಾರೆ ಕೊಟ್ಟು ಮೆಷಿನ್ ಬೆಡ್ ಎತ್ತಿದ ಯಾವ ಫಿಟ್ಟರಿಗೂ ಅದು ಮೈಯಲ್ಲೇ ಗೊತ್ತು. ಅಕೌಂಟ್ಸಿನವರಿಗೆ ಲೆವರೇಜ್ ಅಂದರೆ ಸಾಲ ತಂದು ವ್ಯಾಪಾರ ಹಿಗ್ಗಿಸುವುದು. ಎರಡಕ್ಕೂ ಅರ್ಥವಿದೆ. ಮೇಲ್‌ನಲ್ಲಿ “ಇರುವ ಟೂಲ್‌ಗಳನ್ನು ಲೆವರೇಜ್ ಮಾಡಿ” ಅಂದಾಗ ಅರ್ಥ ಬರೀ ‘ಬಳಸಿ’. ಹಾಗಾದರೆ ‘ಬಳಸಿ’ ಅಂತ ಬರೆಯಿರಿ. ಬ್ಯಾಂಡ್‌ವಿಡ್ತ್ ಅಂದರೆ ಪುರುಸೊತ್ತು. ಸರ್ಕಲ್ ಬ್ಯಾಕ್ ಅಂದರೆ ಆಮೇಲೆ ಮಾತಾಡೋಣ. ಡೀಪ್ ಡೈವ್ ಅಂದರೆ ಸರಿಯಾಗಿ ನೋಡೋಣ. ಇವಕ್ಕೆಲ್ಲ ಕನ್ನಡದಲ್ಲಿ ಸಣ್ಣ ಪದಗಳಿವೆ, ಹೆಚ್ಚು ಹೇಳುವುದೇನಿಲ್ಲ. ‘ಸಿನರ್ಜಿ’ಗೆ ಮಾತ್ರ ನನಗೆ ಇಲ್ಲಿಯವರೆಗೆ ಪದ ಬೇಕಾಗಿಲ್ಲ. ಅದನ್ನು ತೆಗೆದ ಮೇಲೂ ಪ್ರತಿ ಸಲ ವಾಕ್ಯ ಹಾಗೇ ನಿಂತಿದೆ.

ಅರ್ಥ ಸರಿದ ಪದಗಳು

ಇವು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಓದುವಾಗ ಗೊತ್ತಿರುವ ಪದದ ಹಾಗೆಯೇ ಕಾಣುತ್ತವೆ. ‘ಲೇ-ಆಫ್’ ಅವುಗಳಲ್ಲಿ ಮುಖ್ಯ.

1947ರ ಕೈಗಾರಿಕಾ ವಿವಾದಗಳ ಕಾಯ್ದೆ ಲೇ-ಆಫ್‌ಗೆ ಒಂದು ಖಚಿತ ಅರ್ಥ ಕೊಟ್ಟಿತ್ತು. ಕಲ್ಲಿದ್ದಲು, ಕರೆಂಟು, ಕಚ್ಚಾ ಮಾಲು ಇಲ್ಲದೆ, ಅಥವಾ ಮಾಲು ಗುಡ್ಡೆ ಬಿದ್ದು, ಅಥವಾ ಮೆಷಿನ್ ಕೆಟ್ಟು, ಮಸ್ಟರ್ ರೋಲಿನಲ್ಲಿ (ಹಾಜರಿ ಪುಸ್ತಕದಲ್ಲಿ) ಹೆಸರಿರುವ ಕೆಲಸಗಾರನಿಗೆ ಮಾಲೀಕರು ಕೆಲಸ ಕೊಡಲಾಗದ ಸ್ಥಿತಿ. ಹೆಸರು ಮಸ್ಟರಿನಲ್ಲೇ ಇರುತ್ತದೆ, ಕೆಲಸ ಹೋಗಿರುವುದಿಲ್ಲ. ಒಂದು ವರ್ಷ ಸರ್ವಿಸ್ ಮುಗಿಸಿದ, ಕಾಯ್ದೆಯ ಆ ಭಾಗ ಅನ್ವಯಿಸುವ ಕಾರ್ಖಾನೆಯ ಕಾಯಂ ಕೆಲಸಗಾರನಿಗೆ ಆ ದಿನಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗಬೇಕು ಅಂತ ಅದರಲ್ಲಿತ್ತು. ಕೆಲಸದಿಂದಲೇ ತೆಗೆಯುವುದಕ್ಕೆ ಕಾಯ್ದೆಯಲ್ಲಿ ಬೇರೆ ಪದ ಇತ್ತು, ರಿಟ್ರೆಂಚ್‌ಮೆಂಟ್. ಅದಕ್ಕೆ ಒಂದು ತಿಂಗಳ ನೋಟೀಸು, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ.

ಈಗ ಟೀವಿಯಲ್ಲಿ, ಮೊಬೈಲಿನಲ್ಲಿ ಲೇ-ಆಫ್ ಅಂದರೆ ಏನು? ಐಟಿ ಕಂಪನಿಯವರು ಸಾವಿರಾರು ಜನರನ್ನು ಒಂದೇ ಮೇಲ್‌ನಲ್ಲಿ ಮನೆಗೆ ಕಳಿಸಿದರು ಅಂತ. ಅದು ಕಾಯಂ ವಿದಾಯ. ಒಂದೇ ಪದ, ಎರಡು ತಲೆಮಾರಿಗೆ ಎರಡು ಅರ್ಥ.

ನಮ್ಮಲ್ಲಿ ಒಮ್ಮೆ ಫೋರ್ಜಿಂಗ್ ಸಪ್ಲೈ ನಿಂತು ಎರಡು ವಾರ ಲೇ-ಆಫ್ ಕೊಡಬೇಕಾಯಿತು. ನಾನು ಇನ್ನೂ ನೋಟೀಸು ಬರೆದೇ ಇರಲಿಲ್ಲ, ಸುದ್ದಿ ಕ್ಯಾಂಟೀನು ಮುಟ್ಟಿತ್ತು. ಹಿರಿಯ ಟರ್ನರ್ ಒಬ್ಬರು ನೆಮ್ಮದಿಯಾಗಿ ಮುದ್ದೆ ಮುರಿಯುತ್ತಾ, “ಅರ್ಧ ಸಂಬಳ ಬರುತ್ತಲ್ಲ, ಊರಿಗೆ ಹೋಗಿ ತೆಂಗಿನ ತೋಟ ನೋಡ್ಕೊಂಡು ಬತ್ತೀನಿ” ಅಂದರು. ಅದೇ ಮೇಜಿನ ಎದುರಿಗೆ ಕೂತಿದ್ದ ಐಟಿಐ ಹುಡುಗ ತಟ್ಟೆ ಬಿಟ್ಟು ಎದ್ದು ಹೋದ. ಹೊರಗೆ ನಿಂತು ಅಪ್ಪನಿಗೆ ಫೋನ್ ಮಾಡಿ ಅಳುತ್ತಿದ್ದ. ಇಬ್ಬರೂ ಕೇಳಿದ್ದು ಒಂದೇ ಪದ.

ಇಂಥ ಪದವನ್ನು ಒಂಟಿಯಾಗಿ ಬೋರ್ಡಿಗೆ ಹಾಕಬೇಡಿ. ನಡೆಯುವುದನ್ನು ಬರೆಯಿರಿ. ಅವತ್ತು ಸಂಜೆ ನಾನು ಬರೆದದ್ದು: “ಯಾರ ಕೆಲಸವೂ ಹೋಗುವುದಿಲ್ಲ. ಮೇ 4ರಿಂದ 18ರವರೆಗೆ ಡ್ಯೂಟಿಗೆ ಬರಬೇಕಿಲ್ಲ. ಆ ದಿನಗಳಿಗೆ ಬೇಸಿಕ್ ಮತ್ತು ಡಿಎಯ ಅರ್ಧ ಸಿಗುತ್ತದೆ. ಮೇ 19ಕ್ಕೆ ನಿಮ್ಮ ನಿಮ್ಮ ಶಿಫ್ಟಿಗೆ ಬನ್ನಿ.” ಮೊದಲ ವಾಕ್ಯವನ್ನು ಮೊದಲೇ ಬರೆದದ್ದು ಬೇಕೆಂತಲೇ. ಭಯದಲ್ಲಿರುವವರು ಎರಡನೇ ಸಾಲಿನವರೆಗೆ ಬರುವುದಿಲ್ಲ.

‘ರಿವರ್ಟ್’ ಇನ್ನೊಂದು. ನಮ್ಮ ಆಫೀಸುಗಳಲ್ಲಿ ಅದಕ್ಕೆ ‘ಉತ್ತರ ಕೊಡಿ’ ಅಂತ ಅರ್ಥ. ಹೊರದೇಶದವರಿಗೆ ‘ಹಿಂದಿನ ಸ್ಥಿತಿಗೆ ಹೋಗು’ ಅಂತ. ಒಂದು ಡ್ರಾಯಿಂಗಿನ ಬಗ್ಗೆ ಬಂದ ಮೇಲ್‌ನಲ್ಲಿ ರಿವರ್ಟ್ ಅನ್ನುವ ಪದ ನೋಡಿ ನಮ್ಮ ಪ್ಲಾನಿಂಗಿನ ಹುಡುಗ, ಹಳೇ ಡ್ರಾಯಿಂಗಿಗೆ ವಾಪಸ್ ಹೋಗಬೇಕಾ, ಬರೀ ಉತ್ತರ ಬರೆಯಬೇಕಾ ಅಂತ ಕೇಳಲು ಬಂದ. ಕೇಳದೇ ಹೋಗಿದ್ದರೆ ಒಂದು ಲಾಟ್ ಪೂರ್ತಿ ಸ್ಕ್ರ್ಯಾಪಿಗೆ ಹೋಗುತ್ತಿತ್ತು.

‘ಟೇಬಲ್’ ಕೂಡ. ಬ್ರಿಟನ್ನಿನಲ್ಲಿ ಒಂದು ವಿಷಯವನ್ನು ಟೇಬಲ್ ಮಾಡುವುದು ಅಂದರೆ ಚರ್ಚೆಗೆ ತರುವುದು, ಅಮೆರಿಕದಲ್ಲಿ ಪಕ್ಕಕ್ಕೆ ಇಡುವುದು. ಎರಡನೇ ಮಹಾಯುದ್ಧದ ಒಂದು ಸಭೆಯಲ್ಲಿ ಎರಡೂ ಕಡೆಯ ಸೇನಾಧಿಕಾರಿಗಳು ಒಂದೇ ಅಭಿಪ್ರಾಯ ಇಟ್ಟುಕೊಂಡು ಈ ಪದದಿಂದಾಗಿ ಬಹಳ ಹೊತ್ತು ಜಗಳವಾಡಿದರು ಅಂತ ಚರ್ಚಿಲ್ ಬರೆದಿದ್ದಾರೆ. ಅಂಥವರಿಗೇ ಹಾಗಾದರೆ ನಮ್ಮ ಡಿಸ್ಪ್ಯಾಚ್ ಕ್ಲರ್ಕಿನ ಮೇಲೆ ಯಾಕೆ ರೇಗಬೇಕು? ಹೊರದೇಶದ ಗಿರಾಕಿಯ ಮೇಲ್‌ನಲ್ಲಿ ಇಂಥ ಪದ ಕಂಡರೆ, ಅವರು ಯಾವ ದೇಶದವರು ಅನ್ನುವುದನ್ನು ಮೊದಲು ನೋಡಿ.

ವಾಪಸ್ ಕೇಳುವುದು

ಇಲ್ಲಿ ಧೈರ್ಯ ಬೇಕು. “ಸರ್, ಇದರ ಅರ್ಥ ಏನು?” ಅಂತ ಕೇಳಬೇಡಿ. ಮ್ಯಾನೇಜರಿಗೂ ಎಷ್ಟೋ ಸಲ ಅರ್ಥ ಗೊತ್ತಿರುವುದಿಲ್ಲ. ಕೇಳಿದರೆ ಅವರಿಗೂ ಮುಜುಗರ, ನಿಮಗೂ ಅದೇ ಪದಗಳಲ್ಲಿ ಇನ್ನೊಂದು ಮೇಲ್ ಬರುತ್ತದೆ. ನಿಮಗೆ ತಿಳಿದ ಅರ್ಥವನ್ನು ಸಂಖ್ಯೆ, ತಾರೀಕಿನ ಜೊತೆ ಬರೆದು ಕಳಿಸಿ. ನಾನು ಹೀಗೆ ಬರೆಯುತ್ತೇನೆ: “ಸರ್, ಬೋರ್ಡಿಗೆ ಹೀಗೆ ಹಾಕುತ್ತಿದ್ದೇನೆ: ಏಪ್ರಿಲ್ 15ರಿಂದ ಮೂರನೇ ಶಿಫ್ಟ್ ಇರುವುದಿಲ್ಲ, ಹದಿನಾಲ್ಕು ಜನಕ್ಕೆ ಕೆಲಸ ಇರುವುದಿಲ್ಲ. ತಪ್ಪಿದ್ದರೆ ಸಂಜೆ 4ರೊಳಗೆ ತಿದ್ದಿ.” ಅರ್ಥ ಕೇಳಿದಾಗ ಮೂರು ದಿನ ಸುಮ್ಮನಿರುವವರು, ಸಂಖ್ಯೆ ತಪ್ಪಿದ್ದರೆ ಹತ್ತು ನಿಮಿಷಕ್ಕೆ ಫೋನ್ ಮಾಡುತ್ತಾರೆ.

“ಇಷ್ಟು ನೇರವಾಗಿ ಬೇಡಮ್ಮ, ಜನ ಪ್ಯಾನಿಕ್ ಆಗ್ತಾರೆ” ಅನ್ನುವುದು ಸಾಮಾನ್ಯ. ಆಗ ನಾನು ಎರಡು ವಿಷಯ ಹೇಳುತ್ತೇನೆ. ಒಂದು, ಕೆಲಸಗಾರರಿಗೆ ಅರ್ಥವಾಗುವ ಭಾಷೆ ಅನ್ನುವುದು ನನ್ನ ಹಟ ಅಲ್ಲ. 1946ರ ಸ್ಥಾಯಿ ಆದೇಶಗಳ ಕಾಯ್ದೆಯೇ ಆ ಆದೇಶಗಳನ್ನು, ಅಂದರೆ ಕಾರ್ಖಾನೆಯ ಕೆಲಸದ ನಿಯಮಗಳನ್ನು, ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ, ಬಾಗಿಲ ಹತ್ತಿರದ ಬೋರ್ಡಿನಲ್ಲಿ ಹಾಕಬೇಕು ಅಂತ ಹೇಳಿತ್ತು. 1948ರ ಕಾರ್ಖಾನೆ ಕಾಯ್ದೆಯೂ ತನ್ನ ನೋಟೀಸುಗಳಿಗೆ ಇದನ್ನೇ ಹೇಳಿತ್ತು. ತಿಳಿಯುವ ಭಾಷೆ ಅಂದರೆ ಕನ್ನಡ ಲಿಪಿ ಅಂತ ಮಾತ್ರ ಅಲ್ಲ, ತಿಳಿಯಬೇಕು ಅಂತ. ಎರಡನೆಯದು ಕಾರ್ಖಾನೆಯಲ್ಲಿ ಇನ್ನೂ ಚೆನ್ನಾಗಿ ನಾಟುತ್ತದೆ: ಸರಳ ಭಾಷೆಗೆ ಐಎಸ್‌ಒ ಮಾನದಂಡವೇ ಇದೆ, 24495-1, 2023ರಲ್ಲಿ ಬಂದದ್ದು. ಓದುವವರಿಗೆ ಬೇಕಾದದ್ದು ಅದರಲ್ಲಿ ಇರಬೇಕು, ಸುಲಭಕ್ಕೆ ಸಿಗಬೇಕು, ಅರ್ಥವಾಗಬೇಕು, ಅದರಿಂದ ಕೆಲಸ ಆಗಬೇಕು. ಅದರ ತಿರುಳು ಈ ನಾಲ್ಕೇ. ಆಡಿಟ್ ಅಂದರೆ ಎದ್ದು ನಿಲ್ಲುವ ನಮ್ಮ ಮ್ಯಾನೇಜರುಗಳು ಐಎಸ್‌ಒ ಅನ್ನುವ ಪದ ಕೇಳಿದರೆ ಕಿವಿ ಕೊಡುತ್ತಾರೆ. ಕೊಡಲಿ, ಒಳ್ಳೆಯದಕ್ಕೇ ಕೊಡುತ್ತಾರೆ.

ಅಷ್ಟಕ್ಕೂ ಒಪ್ಪದಿದ್ದರೆ ಅರಸೀಕೆರೆ ಹುಡುಗನ ವಿಷಯ ಹೇಳುತ್ತೇನೆ. ಹೆಸರು ಹೇಳುವುದಿಲ್ಲ.

ಹಾಕುವ ಮೊದಲು ಒಬ್ಬರಿಗೆ ಓದಿ ಹೇಳಿ

ಬರೆದಾದ ಮೇಲೆ ಶಾಪಿಗೆ ಇಳಿದು ಒಬ್ಬರಿಗೆ ಓದಿ ಹೇಳುತ್ತೇನೆ. ಆಫೀಸಿನವರಿಗಲ್ಲ, ಕೂಲೆಂಟ್ ತುಂಬುವ ಹೆಲ್ಪರಿಗೋ, ಕ್ಯಾಂಟೀನಿನಲ್ಲಿ ಬಡಿಸುವ ಅಕ್ಕನಿಗೋ. “ಅರ್ಥ ಆಯ್ತಾ?” ಅಂತ ಮಾತ್ರ ಕೇಳುವುದಿಲ್ಲ. ಹಾಗೆ ಕೇಳಿದರೆ ಎಲ್ಲರೂ “ಆಯ್ತು ಮೇಡಮ್” ಅನ್ನುತ್ತಾರೆ, ಮರ್ಯಾದೆಗೆ. “ಹಂಗಾದ್ರೆ ಸೋಮವಾರ ನೀವೇನ್ ಮಾಡ್ತೀರ?” ಅಂತ ಕೇಳುತ್ತೇನೆ. ಅವರು ಹೇಳಿದ್ದಕ್ಕೂ ನೋಟೀಸಿಗೂ ತಾಳೆ ಬಂದರೆ ಬೋರ್ಡಿಗೆ. ಬರದಿದ್ದರೆ ಮತ್ತೆ ಮೇಲೆ ಹೋಗಿ ಬರೆಯುತ್ತೇನೆ. ಒಮ್ಮೆ ಪಿಎಫ್ ನಾಮಿನಿಯ ನೋಟೀಸನ್ನು ಐದು ಸಲ ಬರೆದಿದ್ದೇನೆ. ನಮ್ಮಲ್ಲಿ ಒಡಿಶಾ, ಬಿಹಾರದ ಹುಡುಗರೂ ಇದ್ದಾರೆ. ಸ್ಟೋರ್ಸಿನ ಒಬ್ಬರು ಹಿಂದಿಗೆ ಮಾಡಿಕೊಡುತ್ತಾರೆ. ಮೊದಲು ಅವರಿಗೆ ಅರ್ಧ ದಿನ ಬೇಕಾಗುತ್ತಿತ್ತು, ಈಗ ನನ್ನ ಕನ್ನಡ ನೋಡಿಕೊಂಡು ಹತ್ತು ನಿಮಿಷಕ್ಕೆ ಬರೆದು ಕೊಡುತ್ತಾರೆ.

ತಾರೀಕು ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ. ಅದರ ಕೆಳಗೆ ಯಾರಿಗೆ. ಆಮೇಲೆ ಏನು, ದುಡ್ಡಿನ ವಿಷಯ, ಯಾರನ್ನು ಕೇಳಬೇಕು. ಕಾರಣ ಕೊನೆಗೆ, ಒಂದು ಸಾಲಿನಲ್ಲಿ. ಹೆಡ್ ಆಫೀಸಿನ ಮೇಲ್‌ಗಳಲ್ಲಿ ಕಾರಣವೇ ಮುಕ್ಕಾಲು ಪುಟ ಇರುತ್ತದೆ.

ಆ ಮಾರ್ಚಿನ ನೋಟೀಸನ್ನು ಆಮೇಲೆ ಮತ್ತೆ ಬರೆದೆ. ಬೋರ್ಡಿಗೆ ಹಾಕುವ ಕಾಲ ಮುಗಿದಿತ್ತು, ಆದರೂ ಬರೆದು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಹೊಸದಾಗಿ ಕೆಲಸ ಕಲಿಯಲು ಬಂದವರಿಗೆ ಮೊದಲು ಅದನ್ನೇ ತೋರಿಸುವುದು:

“ಏಪ್ರಿಲ್ 15ರಿಂದ ಮೂರನೇ ಶಿಫ್ಟ್ ಇರುವುದಿಲ್ಲ.

ಮೂರನೇ ಶಿಫ್ಟಿನ ಕಾಂಟ್ರ್ಯಾಕ್ಟ್ ಕೆಲಸಗಾರರಿಗೆ, ಒಟ್ಟು ಹದಿನಾಲ್ಕು ಜನಕ್ಕೆ, ಆ ದಿನದಿಂದ ಇಲ್ಲಿ ಕೆಲಸ ಇರುವುದಿಲ್ಲ. ಕೊನೆಯ ಡ್ಯೂಟಿ ಏಪ್ರಿಲ್ 14ರ ರಾತ್ರಿ. ಬಾಕಿ ಸಂಬಳ ಮತ್ತು ಪಿಎಫ್ ವಿಷಯಕ್ಕೆ ನಿಮ್ಮ ಗುತ್ತಿಗೆದಾರರನ್ನು ಕೇಳಿ. ಅವರು ಹೇಳದಿದ್ದರೆ ನಮ್ಮ ಹತ್ತಿರ ಬನ್ನಿ. ಮನೆ ಅಡ್ವಾನ್ಸ್, ಮಕ್ಕಳ ಶಾಲೆ, ಇಂಥ ದೊಡ್ಡ ಖರ್ಚು ಮಾಡುವ ಮೊದಲು ಒಂದು ಸಲ ಬಂದು ವಿಚಾರಿಸಿ. ಕಾರಣ: ಆರ್ಡರ್ ಕಡಿಮೆಯಾಗಿದೆ.

ಕೇಳಬೇಕಾದ ಜಾಗ: ಟೈಮ್ ಆಫೀಸ್. ಬೆಳಗ್ಗೆ 9ರಿಂದ ಸಂಜೆ 5. ಮೂರನೇ ಶಿಫ್ಟಿನವರಿಗಾಗಿ ಈ ವಾರ ರಾತ್ರಿ 10ರಿಂದ 11ರವರೆಗೂ ನಾನು ಇರುತ್ತೇನೆ.”